15 ಸಾವಿರದೊಳಗೆ ಬೆಳಗಿನ ವ್ಯಾಯಾಮಕ್ಕೆ ಯಾವ ಸೈಕಲ್?

ಪ್ರಶ್ನೆ (ನವನಗರ, ಹುಬ್ಬಳ್ಳಿ):
ನಮಸ್ಕಾರ ರೀ. ನನಗೆ 47 ವರ್ಷ. ಎತ್ತರ 5 ಅಡಿ 5 ಇಂಚು, ತೂಕ 84 ಕೆಜಿ. ಶುಗರ್ ಅಂಚಿಗೆ ಬಂದಿದೆ, ದಿನಾ ಮೈ ದಣಿಸಿ ಅಂತ ಡಾಕ್ಟರ್ ಹೇಳಿದ್ದಾರೆ. ಜಾಸ್ತಿ ನಡೆದರೆ ಎಡ ಮೊಣಕಾಲು ಹಿಡಿದುಕೊಳ್ಳುತ್ತದೆ. ಬೆಳಿಗ್ಗೆ ಉಣಕಲ್ ಕೆರೆವರೆಗೆ ಹೋಗಿಬರಬೇಕು, ರೂಢಿಯಾದ ಮೇಲೆ ಧಾರವಾಡದವರೆಗೂ ಹೋಗಬೇಕು ಅಂತ ಆಸೆ. ಅಂಗಡಿಯಲ್ಲಿ ದಪ್ಪ ಟೈರು, ಮುಂದೆ ಶಾಕಪ್, ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇರುವ ಗಾಡಿ ತೋರಿಸಿದರು. ಮಗನಿಗೂ ಅದೇ ಇಷ್ಟ. ತಗೊಳ್ಳಲಾ?

ಉತ್ತರ (ಸೈಕಲ್ ಮೆಕ್ಯಾನಿಕ್, ಧಾರವಾಡ):
ಬೇಡ ಸರ್. ಆ ಗಾಡಿ ನೋಡೋಕೆ ಚಂದ, ತುಳಿಯೋಕೆ ಭಾರ. ಈ ಬೆಲೆಗೆ ಸಿಗುವ ಶಾಕಪ್ ಅಂದ್ರೆ ಒಳಗೆ ಬರೀ ಸ್ಪ್ರಿಂಗು. ಏರಿನಲ್ಲಿ ಎದ್ದು ನಿಂತು ತುಳಿದರೆ ನಿಮ್ಮ ಶಕ್ತಿ ಅದನ್ನು ಕುಣಿಸೋದಕ್ಕೇ ಹೋಗುತ್ತದೆ. ನೀವು ಹೋಗೋದು ಡಾಂಬರು ರಸ್ತೆ. ಶಾಕಪ್ ಇಲ್ಲದ, ನೇರ ಹ್ಯಾಂಡಲ್ಲಿನ ಹೈಬ್ರಿಡ್ ಸೈಕಲ್ ನೋಡಿ, ಅಂದ್ರೆ ರೇಸ್ ಸೈಕಲ್ಲಿಗೂ ದಪ್ಪ ಟೈರಿನ ಗಾಡಿಗೂ ನಡುವಿನದು. ಟೈರು 35ರಿಂದ 40 ಮಿ.ಮೀ. ಅಗಲ ಇರಲಿ. ನಮ್ಮ ಗುಂಡಿಗಳಿಗೆ ಅಷ್ಟು ಸಾಕು.

ಗೇರ್ ಬೇಕೇ ಬೇಕು. ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿದೆ. ಮುಂಗಾರಿನಲ್ಲಿ ಪಡುವಣ ಗಾಳಿ ಬೇರೆ ಎದುರಿಗೆ ಬಡಿಯುತ್ತದೆ. ಗೇರ್ ಇಲ್ಲದ ಗಾಡಿಯಲ್ಲಿ ಆ ಭಾರವೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ. ಮುಂದೆ ಮೂರು, ಹಿಂದೆ ಏಳು ಹಲ್ಲುಚಕ್ರದ ಮಾಮೂಲಿ 21 ಗೇರ್ ಸಾಕು. ಹಗುರ ಗೇರಿನಲ್ಲಿ ಬೇಗ ಬೇಗ ತುಳಿಯಿರಿ. ಪೆಡಲ್ ನಿಮಿಷಕ್ಕೆ 70-80 ಸುತ್ತು ಬಂದರೆ ಚೆನ್ನಾಗಿದೆ ಅಂತ ಅರ್ಥ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು ಅಳತೆ. ಮೊಣಕಾಲು ನೋವು ಅಂತ ನನ್ನ ಹತ್ತಿರ ಬರುವ ಗಾಡಿಗಳಲ್ಲಿ ಹೆಚ್ಚಿನವುಗಳ ಸೀಟು ತಗ್ಗಿನಲ್ಲಿರುತ್ತದೆ. ಕೂತಲ್ಲೇ ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕು ಅಂತ ಜನ ಸೀಟು ಇಳಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಗೋಡೆ ಹಿಡಿದು ಸೀಟಿನ ಮೇಲೆ ಕೂಡಿ. ಪೆಡಲ್ ಪೂರ್ತಿ ಕೆಳಗೆ ಬಂದಾಗ ಹಿಮ್ಮಡಿ ಅದರ ಮೇಲಿಡಿ. ಕಾಲು ನೆಟ್ಟಗಾಗಬೇಕು, ಸೊಂಟ ಒಂದು ಕಡೆ ವಾಲಬಾರದು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮೊಣಕಾಲು ಒಂಚೂರು ಬಾಗಿರುತ್ತದೆ. ಅದೇ ಸರಿಯಾದ ಎತ್ತರ. ಮೊಣಕಾಲಿನ ಮುಂಭಾಗ ನೋಯ್ದರೆ ಸೀಟು ಸ್ವಲ್ಪ ಏರಿಸಿ, ಹಿಂಭಾಗ ನೋಯ್ದರೆ ಇಳಿಸಿ. ಒಂದು ಸಲಕ್ಕೆ ಅರ್ಧ ಸೆಂಟಿಮೀಟರ್ ಮಾತ್ರ. ಬಾವು ಬಂದಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ, ಸೈಕಲ್ ಆಮೇಲೆ.

ಫ್ರೇಮಿನ ಮೇಲ್ಪೈಪಿನ ಆಚೀಚೆ ಕಾಲಿಟ್ಟು ನಿಂತಾಗ ಒಂದೆರಡು ಇಂಚು ಜಾಗ ಉಳಿಯಬೇಕು. ಹ್ಯಾಂಡಲ್ ಹಿಡಿದಾಗ ಮೊಣಕೈ ಸ್ವಲ್ಪ ಸಡಿಲ ಇರಬೇಕು. ಅಂಗಡಿಯವರು ಹತ್ತು ನಿಮಿಷ ಓಡಿಸಿ ನೋಡೋಕೆ ಬಿಡದಿದ್ದರೆ ಆ ಅಂಗಡಿ ಬಿಟ್ಟುಬಿಡಿ.

15 ಸಾವಿರ ಪೂರ್ತಿ ಗಾಡಿಗೇ ಸುರಿಯಬೇಡಿ. ಹೆಲ್ಮೆಟ್, ಬೀಗ, ಹಿಂದಿನ ಕೆಂಪು ಲೈಟು, ಮನೆಯಲ್ಲೊಂದು ಹವಾ ಪಂಪು, ಇವಕ್ಕೂ ದುಡ್ಡು ಬೇಕು. ಸೈಕಲ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದನ್ನು ನೋಡಿಕೊಳ್ಳಿ.

ಪ್ರಶ್ನೆ (ಸಪ್ತಾಪುರ, ಧಾರವಾಡ):
ಅಣ್ಣಾರೆ, ನಾನು ಚೂಡಿದಾರ್‌ನಲ್ಲೇ ಓಡಿಸುತ್ತೇನೆ. ಅರ್ಧ ಗಂಟೆಗೆ ಕೂತ ಜಾಗ ನೋಯುತ್ತದೆ. ದಪ್ಪನೆಯ ಜೆಲ್ ಸೀಟು ಹಾಕಿಸಲಾ?

ಉತ್ತರ:
ಅಕ್ಕಾರೆ, ಈಗಲೇ ಬೇಡ. ತೀರಾ ಮೆತ್ತಗಿನ ಸೀಟಿನಲ್ಲಿ ಕುಂಡೆಯ ಎಲುಬು ಒಳಗೆ ಹೂತು, ನಡುವಿನ ಮೆತ್ತನೆ ಭಾಗಕ್ಕೆ ಒತ್ತಡ ಬೀಳುತ್ತದೆ. ಸ್ವಲ್ಪ ದೂರಕ್ಕೆ ಹಾಯೆನಿಸಿದರೂ ಆಮೇಲೆ ನೋವು ಜಾಸ್ತಿ. ಎರಡೂ ಎಲುಬು ಸರಿಯಾಗಿ ಕೂರುವಷ್ಟು ಅಗಲದ, ಸ್ವಲ್ಪ ಗಟ್ಟಿ ಸೀಟೇ ಒಳ್ಳೆಯದು. ಮೊದಲು ಸೀಟಿನ ಮೂತಿ ನೋಡಿ. ಮೇಲಕ್ಕೆ ಎತ್ತಿಕೊಂಡಿದ್ದರೆ ಸಮ ಮಾಡಿಸಿ. ಹೊಸಬರಿಗೆ ಮೊದಲ ಒಂದೆರಡು ವಾರ ಸ್ವಲ್ಪ ನೋವು ಇದ್ದೇ ಇರುತ್ತದೆ. ಚೂಡಿದಾರ್‌ಗೆ ಚೈನ್ ಕವರ್ ಬೇಕೇ ಬೇಕು. ಮುಂದೆ ಹೊಸ ಗಾಡಿ ತಗೊಳ್ಳುವಾಗ ಮೇಲ್ಪೈಪು ಇಳಿಜಾರಾಗಿರುವ ಲೇಡೀಸ್ ಫ್ರೇಮ್ ನೋಡಿ, ಹತ್ತಿ ಇಳಿಯೋಕೆ ಸಲೀಸು.

ಪ್ರಶ್ನೆ (ನವನಗರದವರೇ):
ತುಂಬಾ ಉಪಕಾರ ಆಯ್ತು ರೀ. ಹೈಬ್ರಿಡ್ ಟೈರು ಸಣ್ಣ ಅಲ್ವಾ, ಜಾಲಿಮುಳ್ಳಿಗೆ ಪಂಚರ್ ಆಗಲ್ವಾ?

ಉತ್ತರ:
ಜಾಲಿಮುಳ್ಳು ದಪ್ಪ ಟೈರನ್ನೂ ಬಿಡೋದಿಲ್ಲ ಸರ್. ರಸ್ತೆಯ ತೀರಾ ಅಂಚಿಗೆ ಹೋಗಬೇಡಿ, ಮುಳ್ಳು, ಗಾಜಿನ ಚೂರು ಎಲ್ಲ ಅಲ್ಲೇ ಬಂದು ಬಿದ್ದಿರುತ್ತವೆ. ಹವಾ ಕಡಿಮೆಯಾದರೆ ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿಗೆ ಕಚ್ಚಿ ಒಡೆಯುತ್ತದೆ. ನಿಮ್ಮ ತೂಕಕ್ಕೆ ಹವಾ ಹಿಂದೆ 60, ಮುಂದೆ 50 ಪಿಎಸ್‌ಐ (ಹವಾ ಒತ್ತಡದ ಅಳತೆ) ಹತ್ತಿರ ಇರಲಿ. ಟೈರಿನ ಪಕ್ಕದಲ್ಲಿ ಬರೆದ ಮಿತಿ ದಾಟಬೇಡಿ. ಮಳೆಗಾಲದಲ್ಲಿ ಗದಗ ರಸ್ತೆ ಕಡೆ ಹೋದರೆ ಎರೆಮಣ್ಣಿನ ದಾರಿಗೆ ಇಳಿಯಬೇಡಿ. ಆ ಮಣ್ಣು ಮಡ್‌ಗಾರ್ಡಿಗೆ ತುಂಬಿಕೊಂಡು ಚಕ್ರವೇ ತಿರುಗೋದಿಲ್ಲ. ಗಾಡಿ ತಗೊಂಡು ಒಂದು ತಿಂಗಳಿಗೆ ಅಂಗಡಿಗೆ ಒಯ್ದು ಗೇರ್, ಬ್ರೇಕ್ ವೈರ್ ಬಿಗಿ ಮಾಡಿಸಿ. ಹೊಸ ವೈರು ಸಡಿಲ ಬೀಳುವುದು ಸಹಜ.