ಅಮ್ಮನ ಬೆರಳು ಹಿಡಿಯುತ್ತಿಲ್ಲ, ಲೈಫ್ ಸರ್ಟಿಫಿಕೇಟ್ ಮೊಬೈಲ್‌ನಲ್ಲಿ ಕಳಿಸಿದವರು ಹೇಳಿ

ಕೇಳಿದವರು, ತೀರ್ಥಹಳ್ಳಿ ಕಡೆಯವರು:
ಅಪ್ಪ ರೈಲ್ವೆಯಲ್ಲಿದ್ದರು. ಅವರು ತೀರಿಕೊಂಡ ಮೇಲೆ ಅಮ್ಮನಿಗೆ ಫ್ಯಾಮಿಲಿ ಪೆನ್ಶನ್ ಬರುತ್ತಿದೆ. ಪ್ರತಿ ನವೆಂಬರ್‌ನಲ್ಲಿ ಬದುಕಿದ್ದಾರೆ ಎಂಬ ಲೈಫ್ ಸರ್ಟಿಫಿಕೇಟ್ ಕೊಡಬೇಕಲ್ಲ, ಅದೇ ಕಷ್ಟವಾಗಿದೆ. ಜೀವಮಾನವಿಡೀ ಅಡಿಕೆ ಸುಲಿದ ಕೈ, ಹೆಬ್ಬೆಟ್ಟಿನ ಗೆರೆಯನ್ನು ಯಂತ್ರ ಓದುವುದೇ ಇಲ್ಲ. ಈಗ ಮಂಡಿನೋವು ಬೇರೆ, ಬಸ್ ಹತ್ತಿ ಬ್ಯಾಂಕಿಗೆ ಹೋಗುವುದು ಆಗದ ಮಾತು. ಮುಖ ತೋರಿಸಿ ಮೊಬೈಲ್‌ನಲ್ಲೇ ಕಳಿಸಬಹುದು ಎಂದು ಕೇಳಿದ್ದೇನೆ. ಶನಿವಾರ ಊರಿಗೆ ಹೋಗುತ್ತೇನೆ. ಏನೇನು ಸಿದ್ಧ ಮಾಡಿಕೊಳ್ಳಬೇಕು, ಎಲ್ಲಿ ಎಡವುತ್ತದೆ, ಮಾಡಿದವರು ತಿಳಿಸಿ.

ಮೈಸೂರಿನಿಂದ:
ಖಂಡಿತ ಆಗುತ್ತದೆ, ಧೈರ್ಯವಾಗಿ ಹೋಗಿ. ಲೈಫ್ ಸರ್ಟಿಫಿಕೇಟನ್ನು ಆನ್‌ಲೈನ್‌ನಲ್ಲಿ ಕೊಡುವ ಸರ್ಕಾರದ ವ್ಯವಸ್ಥೆ ಜೀವನ್ ಪ್ರಮಾಣ್, ಅದು ಶುರುವಾದದ್ದು 2014ರ ನವೆಂಬರ್‌ನಲ್ಲಿ. ಆಗ ಬೆರಳು ಅಥವಾ ಕಣ್ಣಿನ ಪಾಪೆ ಓದುವ ಯಂತ್ರ ಬೇಕಿತ್ತು. 2021ರಲ್ಲಿ ಮುಖ ಗುರುತಿಸುವ ವ್ಯವಸ್ಥೆ ಬಂದ ಮೇಲೆ ಸಾಮಾನ್ಯ ಆಂಡ್ರಾಯ್ಡ್ ಫೋನೇ ಸಾಕು. ನಮ್ಮ ಅತ್ತೆಯದನ್ನು ನಾನೇ ಮನೆಯಲ್ಲಿ ಕೂತು ಕಳಿಸುತ್ತೇನೆ.

ಪ್ಲೇ ಸ್ಟೋರ್‌ನಿಂದ ಎರಡು ಆ್ಯಪ್ ಇಳಿಸಿಕೊಳ್ಳಬೇಕು: ಜೀವನ್ ಪ್ರಮಾಣ್ ಮತ್ತು ಆಧಾರ್ ಫೇಸ್ ಆರ್‌ಡಿ. ಎರಡನೆಯದಕ್ಕೆ ಪರದೆಯ ಮೇಲೆ ಚಿತ್ರವೇ ಬರುವುದಿಲ್ಲ. ಇನ್‌ಸ್ಟಾಲ್ ಆಗಲಿಲ್ಲವೇನೋ ಎಂದು ತುಂಬ ಜನ ಅಲ್ಲೇ ಕೈಬಿಡುತ್ತಾರೆ. ಅದು ಹಿನ್ನೆಲೆಯಲ್ಲಿ ಕೆಲಸ ಮಾಡುವ ಆ್ಯಪ್, ಸೆಟ್ಟಿಂಗ್ಸ್‌ನ ಆ್ಯಪ್ ಪಟ್ಟಿಯಲ್ಲಿ ಹೆಸರು ಇದ್ದರೆ ಆಯಿತು. ಊರಿನಲ್ಲಿ ಸಿಗ್ನಲ್ ಹೇಗಿರುತ್ತದೋ, ಎರಡನ್ನೂ ಇಲ್ಲಿಂದಲೇ ಹಾಕಿಕೊಂಡು ಹೋಗಿ.

ಆ್ಯಪ್ ತೆರೆದಾಗ ಮೊದಲು 'ಆಪರೇಟರ್' ವಿವರ ಕೇಳುತ್ತದೆ. ಆಪರೇಟರ್ ಅಂದರೆ ಫೋನ್ ಹಿಡಿದು ಅರ್ಜಿ ತುಂಬುವವರು, ಇಲ್ಲಿ ನೀವು. ನಿಮ್ಮ ಆಧಾರ್, ನಿಮ್ಮ ಒಟಿಪಿ, ನಿಮ್ಮ ಮುಖ. ಆಮೇಲೆ ಅಮ್ಮನ ಸರದಿ. ಮೊದಲ ಹಂತದಲ್ಲೇ ಅಮ್ಮನನ್ನು ಕ್ಯಾಮೆರಾ ಮುಂದೆ ಕೂರಿಸಿ ಸುಸ್ತು ಮಾಡಬೇಡಿ. ನಿಮ್ಮದು ಮುಗಿದ ಮೇಲೆ ಕರೆಯಿರಿ.

ಹೆಸರನ್ನು ಅಮ್ಮನ ಆಧಾರ್‌ನಲ್ಲಿ ಇರುವ ಹಾಗೇ ಬರೆಯಿರಿ, ಇನಿಶಿಯಲ್ ಸಹಿತ. ಪಿಪಿಒ (ಪೆನ್ಶನ್ ಮಂಜೂರಾತಿಯ ಆದೇಶಪತ್ರ) ಅಪ್ಪನ ಕಾಲದ್ದಾದರೂ ಹೆಸರಿನ ಜಾಗದಲ್ಲಿ ಬರಬೇಕಾದದ್ದು ಅಮ್ಮನದು. ಪೆನ್ಶನ್ ಬಗೆ ಕೇಳಿದಾಗ 'ಫ್ಯಾಮಿಲಿ' ಆರಿಸಿ. ಮರುಮದುವೆ, ಮರುನೇಮಕ ಆಗಿದೆಯೇ ಎಂದೂ ಕೇಳುತ್ತದೆ. ಹೌದು ಎನ್ನುವವರಿಗೆ ಈ ದಾರಿ ಇಲ್ಲ, ಅವರು ಕಾಗದದಲ್ಲೇ ಕೊಡಬೇಕು. ಅಮ್ಮನಿಗೆ ಓದಿ ಹೇಳಿ, ಅವರ ಬಾಯಲ್ಲೇ ಉತ್ತರ ಪಡೆದು ಗುರುತು ಹಾಕಿ. ಪೆನ್ಶನ್ ಅವರದು, ಏನು ಬರೆದು ಕಳಿಸುತ್ತಿದ್ದೇವೆ ಎಂಬುದು ಅವರಿಗೆ ಗೊತ್ತಿರಬೇಕು.

ಮುಖದ ಹೊತ್ತಿಗೆ ಬೆಳಕು ಎದುರಿನಿಂದ ಬೀಳುವಂತೆ ಕೂರಿಸಿ. ಮಲೆನಾಡಿನ ಮನೆಯೊಳಗೆ ಹಗಲಲ್ಲೂ ಕತ್ತಲೆ. ಜಗಲಿಗೆ ಕರೆತಂದು ಬಿಳಿ ಗೋಡೆಗೆ ಬೆನ್ನು ಮಾಡಿ ಕೂರಿಸುವುದು ಒಳ್ಳೆಯದು. ಕನ್ನಡಕ ತೆಗೆಸಿ. ಕಣ್ಣು ಮಿಟುಕಿಸಿ ಎಂದು ಆ್ಯಪ್ ಹೇಳುತ್ತದೆ, ಅದನ್ನು ನೀವು ಪಕ್ಕದಲ್ಲಿ ನಿಂತು ಮೆಲ್ಲಗೆ ಹೇಳಿಕೊಡಿ. ವಯಸ್ಸಾದವರಿಗೆ ಗಾಬರಿಯಲ್ಲಿ ಕಣ್ಣು ಮಿಟುಕಿಸಲೂ ಆಗುವುದಿಲ್ಲ.

ಉಡುಪಿಯಿಂದ, ಬ್ಯಾಂಕಿನಲ್ಲಿ ಪೆನ್ಶನ್ ವಿಭಾಗ ನೋಡಿಕೊಂಡಿದ್ದವರು:
ಮುಖ ಹೊಂದಿತು, ಪ್ರಮಾಣ್ ಐಡಿಯ (ಕಳಿಸಿದ ಸರ್ಟಿಫಿಕೇಟ್‌ಗೆ ಸಿಗುವ ನಂಬರ್) ಮೆಸೇಜ್ ಬಂತು ಎಂದರೆ ಅರ್ಧ ದಾರಿ ಬಂದಿದ್ದೀರಿ ಅಷ್ಟೇ. ಅರ್ಜಿ ಅಲ್ಲಿಂದ ಪೆನ್ಶನ್ ಕೊಡುವ ಬ್ಯಾಂಕಿಗೆ ಹೋಗುತ್ತದೆ, ಅವರು ಒಪ್ಪಬೇಕು. ತಿರಸ್ಕಾರವಾಗಿ ಬರುವ ಅರ್ಜಿಗಳಲ್ಲಿ ನಾನು ಹೆಚ್ಚು ಕಂಡದ್ದು ಮೂರು ಬಗೆ: ಪಿಪಿಒ ನಂಬರ್ ತಪ್ಪು, ಖಾತೆ ನಂಬರ್ ತಪ್ಪು, ಬೇರೆಯದೇ ಬ್ಯಾಂಕ್ ಆರಿಸಿದ್ದು.

ಕೊನೆಯದು ನಮ್ಮ ಕರಾವಳಿ, ಮಲೆನಾಡಿನಲ್ಲಿ ಜಾಸ್ತಿ. ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ ಹಳೇ ಪಾಸ್‌ಬುಕ್ ನೋಡಿಕೊಂಡು ತುಂಬುತ್ತಾರೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ ಸೇರಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಈಗಿನ ಬ್ಯಾಂಕನ್ನೇ ಆರಿಸಿ, ಈಗಿನ ಪಾಸ್‌ಬುಕ್ ನೋಡಿಯೇ ತುಂಬಿ. ಅಮ್ಮನ ಆಧಾರ್ ಪೆನ್ಶನ್ ಖಾತೆಗೆ ಜೋಡಣೆಯಾಗಿದೆಯೇ ಎಂದು ಹೋಗುವ ಮೊದಲೇ ಶಾಖೆಗೆ ಫೋನ್ ಮಾಡಿ ಕೇಳಿಕೊಳ್ಳಿ.

ಕಳಿಸಿದ ಕೆಲವು ದಿನಗಳ ಮೇಲೆ ಜೀವನ್ ಪ್ರಮಾಣ್ ಜಾಲತಾಣದಲ್ಲಿ ಐಡಿ ಹಾಕಿ ಸ್ಥಿತಿ ನೋಡಿ. ಪಿಡಿಎಫ್ ಇಳಿಸಿ ಇಟ್ಟುಕೊಳ್ಳಿ. ಆ ಐಡಿ ಆ ವರ್ಷಕ್ಕೆ ಮಾತ್ರ, ಬರುವ ವರ್ಷ ಹೊಸದು ಮಾಡಲೇಬೇಕು. ಅಕಸ್ಮಾತ್ ಪೆನ್ಶನ್ ನಿಂತರೂ ಹೆದರಬೇಡಿ, ಸರ್ಟಿಫಿಕೇಟ್ ಸೇರಿದ ಮೇಲೆ ಬಾಕಿ ಸಮೇತ ಬರುತ್ತದೆ. ಆದರೆ ಆ ತಿಂಗಳ ಔಷಧಿ ಖರ್ಚಿಗೆ ಬಾಕಿ ಹಣ ಕಾಯುವುದಿಲ್ಲವಲ್ಲ, ಆದ್ದರಿಂದ ನವೆಂಬರ್ ಮೊದಲ ವಾರಗಳಲ್ಲೇ ಮುಗಿಸಿ. ತಿಂಗಳ ಕೊನೆಗೆ ತಿರಸ್ಕಾರವಾದರೆ ತಿದ್ದಿ ಕಳಿಸಲು ಸಮಯವೇ ಉಳಿಯುವುದಿಲ್ಲ. 80 ದಾಟಿದ ಕೇಂದ್ರ ಸರ್ಕಾರಿ ಪಿಂಚಣಿದಾರರು ಅಕ್ಟೋಬರ್ 1ರಿಂದಲೇ ಕೊಡಬಹುದು.

ಧಾರವಾಡದಿಂದ:
ನಮ್ಮವ್ವಂದೂ ಇದ ಕಥಿ ಇತ್ರೀ. ಮಾರಿ ಹಿಡಿಯಾಕ ನೆಟ್ ಬೇಕು, ನಮ್ಮ ಹಳ್ಯಾಗ ನೆಟ್ ನಿಲ್ಲೂದಿಲ್ಲ. ಪೋಸ್ಟಿನವರಿಗೆ ಹೇಳಿದ್ವಿ, ಪೋಸ್ಟ್‌ಮ್ಯಾನ್ ಮನಿಗೇ ಬಂದು ಮಾಡಿಕೊಟ್ರು. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಸೇವಾ ಅದು, ಅಲ್ಲಿ ಖಾತೆ ಇರಬೇಕಂತೇನೂ ಇಲ್ಲ. 70 ರೂಪಾಯಿ ತಗೊಂಡ್ರು, ರಸೀದಿ ಕೊಟ್ರು. ನೀವು ಊರಿಗೆ ಹೋಗಾಕ ಆಗದಿದ್ರೂ ಅವ್ವಾರ ಕೆಲಸ ನಿಲ್ಲೂದಿಲ್ಲ ಅಂತ ತಿಳೀಲಿ ಅಂತ ಬರದೀನ್ರೀ.

ತುಮಕೂರಿನಿಂದ:
ಒಂದು ಎಚ್ಚರಿಕೆ, ದಯವಿಟ್ಟು ಅಮ್ಮನಿಗೂ ಹೇಳಿ. ಈ ಕಾಲದಲ್ಲೇ ವಂಚಕರ ಕರೆಗಳೂ ಬರುತ್ತವೆ. "ನಿಮ್ಮ ಲೈಫ್ ಸರ್ಟಿಫಿಕೇಟ್ ಬಾಕಿ ಇದೆ, ನಾವೇ ಆನ್‌ಲೈನ್‌ನಲ್ಲಿ ಮಾಡಿಕೊಡುತ್ತೇವೆ, ಒಟಿಪಿ ಹೇಳಿ" ಅನ್ನುತ್ತಾರೆ. ಪಿಪಿಒ ನಂಬರ್, ನಿವೃತ್ತಿಯ ದಿನಾಂಕ ಎಲ್ಲ ಸರಿಯಾಗಿ ಹೇಳುವುದರಿಂದ ಹಿರಿಯರು ನಂಬಿಬಿಡುತ್ತಾರೆ. ನಮ್ಮ ನೆರೆಯ ನಿವೃತ್ತ ಮೇಷ್ಟ್ರ ಖಾತೆ ಹೀಗೇ ಬರಿದಾಯಿತು, ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಯಾವ ಪೆನ್ಶನ್ ಕಚೇರಿಯೂ ಫೋನ್ ಮಾಡಿ ಒಟಿಪಿ ಕೇಳುವುದಿಲ್ಲ. ವಾಟ್ಸಾಪ್‌ನಲ್ಲಿ ಬಂದ ಆ್ಯಪ್ ಫೈಲ್ ಮುಟ್ಟಲೇಬೇಡಿ. ಹಣ ಹೋದದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಬೆಂಗಳೂರಿನಿಂದ:
ಇದೇ ವಿಷಯಕ್ಕೆ ಸೇರಿದ ಒಂದು ಪ್ರಶ್ನೆ. ಅಕ್ಕನಿಗೆ ಭಾವನ ಫ್ಯಾಮಿಲಿ ಪೆನ್ಶನ್ ಇದೆ, ಜೊತೆಗೆ ಗಾರ್ಮೆಂಟ್ಸ್‌ನಲ್ಲಿ ದುಡಿದ ಪಿಎಫ್ ಪೆನ್ಶನ್ ಕೂಡ. ಒಂದು ಸಲ ಮುಖ ತೋರಿಸಿದರೆ ಎರಡಕ್ಕೂ ಆಗುತ್ತದೆಯೇ?

ಉಡುಪಿಯಿಂದ:
ಇಲ್ಲಮ್ಮ, ಪ್ರತಿ ಪಿಪಿಒಗೂ ಬೇರೆ ಬೇರೆಯಾಗಿ ಕಳಿಸಬೇಕು, ಎರಡು ಐಡಿ ಬರುತ್ತವೆ. ಪಿಎಫ್ ಪೆನ್ಶನ್‌ಗೆ ನವೆಂಬರ್ ಕಟ್ಟುಪಾಡಿಲ್ಲ, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ಆದರೂ ಎರಡನ್ನೂ ಒಂದೇ ದಿನ ಮಾಡಿಸಿಬಿಡಿ, ಅಕ್ಕನಿಗೆ ನೆನಪಿಟ್ಟುಕೊಳ್ಳಲು ಸುಲಭ.