ಮಸಿಯಿಂದ ಸಿ-60 ಬೇರ್ಪಡಿಸೋದು ಹೆಂಗ್ರಿ? ಮಾಡಿದವರು ತಿಳಸ್ರಿ

ಕೇಳಿದ್ದು, ಧಾರವಾಡದಿಂದ: ಎಂ.ಎಸ್ಸಿ ಪ್ರಾಜೆಕ್ಟಿಗೆ 1 ಗ್ರಾಂ ಫುಲರೀನ್ (ಚೆಂಡಿನಂಥ ಇಂಗಾಲದ ಅಣು) ಇರೋ ಮಸಿ ಸಿಕ್ಕೈತ್ರಿ. ಅದರಾಗಿನ ಸಿ-60, ಅಂದ್ರ 60 ಇಂಗಾಲದ ಪರಮಾಣುಗಳ ಚೆಂಡು, ಬೇಕಾಗೇತಿ. ಟೊಲುಯೀನ್ ಅನ್ನೋ ದ್ರಾವಕದಾಗ ಎಷ್ಟು ಕುದಿಸಿದ್ರೂ ಕೆಂಪು-ಕಂದು ಬಣ್ಣನ ಬರ್ತದ, ಪುಸ್ತಕದಾಗಿನ ನೇರಳೆ ಬರವಲ್ದು. ಎಲ್ಲಿ ತಪ್ಪೇತಿ? ಸಿ-60 ತಗದ ಮ್ಯಾಲೆ ಏನು ಮಾಡಬಹುದು?

ಹುಬ್ಬಳ್ಳಿಯಿಂದ: ತಪ್ಪೇನಿಲ್ರಿ. ಮಸಿಯೊಳಗ ಸಿ-70 (70 ಇಂಗಾಲದ ಚೆಂಡು) ಸುದ್ದಾ ಇರ್ತದ, ಅದರ ಕೆಂಪು ನೇರಳೆನ್ನ ಮುಚ್ಚಿಬಿಡ್ತದ. ಆದ್ರ ಕುದಿಸೋದು ಬಿಡ್ರಿ. ಸಕ್ಕರಿಯಂಗ ಬಿಸಿಗೆ ಹೆಚ್ಚು ಕರಗೋ ವಸ್ತು ಅಲ್ಲ ಇದು. ಟೊಲುಯೀನಿನಾಗ ಇದು 5–10 ಡಿಗ್ರಿ ಸುತ್ತಮುತ್ತ ಹೆಚ್ಚು ಕರಗ್ತದ, ಬಿಸಿ ಏರಿದಂಗ ಕಡಿಮಿ. 25 ಡಿಗ್ರಿಗೆ ಮಿಲಿಗೆ ಸುಮಾರು 2.8 ಮಿಗ್ರಾಂ. ಮಸಿಯಾಗ ಶೇ. 10 ಫುಲರೀನ್ ಅಂತ ಹಿಡಿದ್ರ 100 ಮಿಗ್ರಾಂ, ಲೆಕ್ಕಕ್ಕ 36 ಮಿಲಿ. ನೀವು 60–70 ಹಾಕ್ರಿ. ಅರ್ಧ ತಾಸು ಸೋನಿಕೇಟರ್‌ನಾಗ (ಶಬ್ದದ ಅಲೆಯಿಂದ ಅಲುಗಾಡಿಸೋ ನೀರಿನ ತೊಟ್ಟಿ) ಇಡ್ರಿ. ನಮ್ಮ ಏಪ್ರಿಲ್ ಬಿಸಿಲಾಗ ಅದರ ನೀರು ಲಗೂನ ಕಾಯ್ತದ, ಬರ್ಫ ಹಾಕ್ರಿ. ಬರೇ ಫಿಲ್ಟರ್ ಕಾಗದದಾಗ ಸಣ್ಣ ಮಸಿ ದಾಟಿ ಬರ್ತದ, ಮ್ಯಾಲೆ ಸೀಲೈಟ್ (ಸೋಸೋ ಪುಡಿ) ಪದರ ಬೇಕೇ ಬೇಕು. ಎಲ್ಲಾ ಫ್ಯೂಮ್ ಹುಡ್ (ಆವಿ ಹೊರಗ ಎಳಿಯೋ ಗೂಡು) ಒಳಗ ಮಾಡ್ರಿ.

ಗದಗಿನಿಂದ: ಸೋಸಿದ ದ್ರಾವಣಕ್ಕ ಬರೇ ಸಿಲಿಕಾ ಕಾಲಮ್ (ಪುಡಿ ತುಂಬಿದ ಉದ್ದ ಕೊಳವಿ) ಹಾಕಬ್ಯಾಡ್ರಿ, ಟೊಲುಯೀನಿನಾಗ ಸಿ-60, ಸಿ-70 ಎರಡೂ ಕೂಡೇ ಇಳೀತಾವ. 1 ಭಾಗ ಆಕ್ಟಿವೇಟೆಡ್ ಚಾರ್‌ಕೋಲ್ (ಇದ್ದಲಿ ಪುಡಿ), 2 ಭಾಗ ಸಿಲಿಕಾ ಕಲಸ್ರಿ. ಸಿ-70 ದೊಡ್ಡದು, ಇದ್ದಲಿಗೆ ಬಿಗಿ ಅಂಟ್ತದ. ಇದ್ದಲಿ ಒಂದೇ ಹಾಕಿದ್ರ ಕಾಲಮ್ ಕಟ್ಕೊಂತದ, ಸಿಲಿಕಾ ಇರೋದು ಹರಿವಿಗೆ. ಮ್ಯಾಲಿಂದ ನೈಟ್ರೋಜನ್ ಒತ್ತಡ ಸ್ವಲ್ಪ ಕೊಡ್ರಿ, ಕಾಲಮ್ ಒಣಗಾಕ ಬಿಡಬ್ಯಾಡ್ರಿ. ಮೊದಲು ಬಣ್ಣಿಲ್ಲದ್ದು, ಆಮ್ಯಾಲೆ ನೇರಳೆ ಹಣ್ಣಿನ ರಸದಂಥದ್ದು ಬರ್ತದ, ಅದ ಸಿ-60. ಕೆಂಪು ಛಾಯೆ ಕಂಡ ಕೂಡ್ಲೇ ಪಾತ್ರಿ ಬದಲಿಸ್ರಿ.

ಧಾರವಾಡದಿಂದ ಇನ್ನೊಬ್ಬರು: ಶುದ್ಧತೆ ತಿಳಿಯಲು ಯುವಿ (ಯಾವ ತರಂಗದ ಬೆಳಕು ಎಷ್ಟು ಹೀರುತ್ತದೆ ಎಂಬ ಅಳತೆ) ನೋಡಿ. ಟೊಲುಯೀನಿನಲ್ಲಿ ಸಿ-60ಗೆ 335 ನ್ಯಾನೊಮೀಟರಿನ ಹತ್ತಿರ ದೊಡ್ಡ ಶಿಖರ, 407ರ ಹತ್ತಿರ ಸಣ್ಣ ಚೂಪು. 470ರ ಆಸುಪಾಸು ಉಬ್ಬಿದ್ದರೆ ಸಿ-70 ಉಳಿದಿದೆ. 285ರ ಕೆಳಗೆ ಟೊಲುಯೀನೇ ಬೆಳಕು ಹೀರುತ್ತದೆ, ನೋಡಿ ಪ್ರಯೋಜನವಿಲ್ಲ. ಹರಳಿನಲ್ಲಿ ದ್ರಾವಕ ಸಿಕ್ಕಿಕೊಳ್ಳುವುದರಿಂದ ನಿರ್ವಾತದಲ್ಲಿ ಕಾಯಿಸದೆ ತೂಕ ನಂಬಬೇಡಿ. ಬಾಟಲಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ. ಬೆಳಕು, ಗಾಳಿ ಎರಡೂ ತಾಗಿದರೆ ಸಿ-60 ಆಕ್ಸಿಡೀಕರಣವಾಗುತ್ತದೆ.

ಮುಂದಕ್ಕೆ: ಇದು ಸುಲಭವಾಗಿ ಎಲೆಕ್ಟ್ರಾನ್ ಹಿಡಿಯುತ್ತದೆ, ಸಾವಯವ ಸೌರಕೋಶಗಳಲ್ಲಿ ಪಿಸಿಬಿಎಂ (ಸಿ-60ರಿಂದ ಮಾಡಿದ ಸಂಯುಕ್ತ) ಬಳಸುವುದು ಅದಕ್ಕೇ. ನಿಮಗೆ ಪ್ರಾಟೊ ಕ್ರಿಯೆ (ಸಿ-60 ಚೆಂಡಿಗೆ ಸಾರಜನಕವಿರುವ ಉಂಗುರ ಅಂಟಿಸುವುದು) ಸರಿಹೋದೀತು: 72 ಮಿಗ್ರಾಂ ಸಿ-60, 18 ಮಿಗ್ರಾಂ ಸಾರ್ಕೊಸಿನ್ (ಒಂದು ಅಮೈನೊ ಆಮ್ಲ), 15 ಮಿಗ್ರಾಂ ಪ್ಯಾರಾಫಾರ್ಮಾಲ್ಡಿಹೈಡ್, 100 ಮಿಲಿ ಟೊಲುಯೀನ್, 2 ತಾಸು ರಿಫ್ಲಕ್ಸ್ (ಆವಿ ತಣಿದು ವಾಪಸ್ ಬೀಳುವಂತೆ ಕುದಿಸುವುದು). ನೇರಳೆ ಹೋಗಿ ಕಂದು ಬರುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಒಂದೇ ಚೆಂಡಿಗೆ ಎರಡು ಮೂರು ಕಡೆ ಉಂಗುರ ಅಂಟಿ ಬೇರ್ಪಡಿಸಲಾಗದ ಮಿಶ್ರಣವಾಗುತ್ತದೆ. ಚೆಂಡಿನ 30 ದ್ವಿಬಂಧಗಳೂ ಒಂದೇ ತೆರನಾಗಿವೆ ನೋಡಿ, ಅದಕ್ಕೇ. ಉಳಿದ ಸಿ-60 ಸಿಲಿಕಾ ಕಾಲಮ್ಮಿನಲ್ಲಿ ಮೊದಲೇ ಇಳಿದು ವಾಪಸ್ ಸಿಗುತ್ತದೆ, ಚೆಲ್ಲಬೇಡಿ.