ಹಾಸ್ಟೆಲಿನಿಂದ ಕ್ಲಾಸಿಗೆ 1.2 ಕಿ.ಮೀ. ಏರು: ಸೈಕಲ್ಲೋ, ಸ್ಕೂಟರ್ರೋ, ನಡಿಗೆಯೋ?

ಬಯಲುಸೀಮೆಯವ
ಮಡಿಕೇರಿ ಹತ್ತಿರದ ಕಾಲೇಜು. ಹಾಸ್ಟೆಲ್ ಕೆಳಗೆ, ಕ್ಲಾಸು ಗುಡ್ಡದ ಮೇಲೆ. ದೂರ 1.2 ಕಿ.ಮೀ., ಏರಿಕೆ ಸುಮಾರು 80 ಮೀಟರ್, ಕೊನೆಯ ತಿರುವು ಇನ್ನೂ ಕಡಿದು. ಮಧ್ಯಾಹ್ನ ಊಟಕ್ಕೂ ಇಳಿದು ಹತ್ತಬೇಕು. ಮನೆಯಲ್ಲಿರೋ ಗೇರ್ ಇಲ್ಲದ ಸೈಕಲ್ ತರಲೋ, ಲೈಸೆನ್ಸ್ ಬೇಡದ ಎಲೆಕ್ಟ್ರಿಕ್ ಸ್ಕೂಟರ್ ತಗೊಳ್ಳಲೋ?

ಚೈನ್‌ವೀಲ್
ಆ ಸೈಕಲ್ ಊರಲ್ಲೇ ಇರಲಿ. ಮಾಮೂಲಿ ಸೈಕಲ್ಲಿನ ಚೈನ್ ಚಕ್ರಗಳಿಗೆ ಮುಂದೆ 44, ಹಿಂದೆ 18 ಹಲ್ಲು ಅಂತಿಟ್ಟುಕೊಳ್ಳಿ. ಪೆಡಲಿನ ಒಂದು ಸುತ್ತಿಗೆ 5 ಮೀಟರ್ ಸಾಗುತ್ತೆ. ನಿಮ್ಮ ಏರಿನಲ್ಲಿ ಗಂಟೆಗೆ 6 ಕಿ.ಮೀ. ಸಿಕ್ಕರೇ ಹೆಚ್ಚು, ಅಂದರೆ ನಿಮಿಷಕ್ಕೆ 20 ಸುತ್ತು. ಮಂಡಿ ಹಿಡಿಯುತ್ತೆ, ಕೊನೆಗೆ ತಳ್ಳಿಕೊಂಡೇ ಹೋಗ್ತೀರಿ. ಮುಂದೆ 28, ಹಿಂದೆ 28 ಹಲ್ಲಿನ ಜೋಡಿ ಸಿಗೋ ಗೇರ್ ಸೈಕಲ್ಲಾದರೆ ಅದೇ ವೇಗಕ್ಕೆ 48 ಸುತ್ತು, ಕೂತೇ ತುಳಿಯಬಹುದು. ಅಂಗಡಿಯಲ್ಲಿ ‘21 ಗೇರ್’ ಸ್ಟಿಕ್ಕರ್ ನೋಡಬೇಡಿ, ಹಲ್ಲು ಎಣಿಸಿ.

ನಿಜವಾದ ತೊಂದರೆ ಇಳಿಯುವಾಗ. ರಿಮ್ ಹಿಡಿಯೋ ರಬ್ಬರ್ ಬ್ರೇಕ್ ಮಳೆಯಲ್ಲಿ ಮೊದಲು ನೀರು ಒರೆಸಿ ಆಮೇಲೆ ಹಿಡಿಯುತ್ತೆ. ಮರಳು ಸಿಕ್ಕಿಕೊಂಡರೆ ರಬ್ಬರ್ ಜೊತೆ ರಿಮ್ಮೂ ಸವೆಯುತ್ತೆ. ಚಕ್ರದ ನಡುವಿನ ತಟ್ಟೆ ಹಿಡಿಯೋ ಡಿಸ್ಕ್ ಬ್ರೇಕ್ ಇರೋದನ್ನೇ ತಗೊಳ್ಳಿ. ಡಿಸ್ಕ್ ಮೇಲೆ ಚೈನ್ ಎಣ್ಣೆ ಒಂದು ಹನಿ ಬಿದ್ದರೂ ಪ್ಯಾಡ್ ಕೆಟ್ಟಂತೆ. ಎಣ್ಣೆ ಬಿಟ್ಟಮೇಲೆ ಚೈನನ್ನು ಬಟ್ಟೆಯಲ್ಲಿ ಒರೆಸಿ.

ವ್ಯಾಟ್‌ಲೆಕ್ಕ
ಲೈಸೆನ್ಸ್ ಬೇಡದ್ದು ಅಂದರೆ ಮೋಟಾರ್ 250 ವ್ಯಾಟ್ ಒಳಗೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ. ಸ್ಕೂಟರ್ 70 ಕೆ.ಜಿ., ನೀವೂ ಬ್ಯಾಗೂ ಸೇರಿ 70. ನೂರಕ್ಕೆ ಹತ್ತು ಏರೋ ತಿರುವಲ್ಲಿ ಗಂಟೆಗೆ 10 ಕಿ.ಮೀ.ನಲ್ಲಿ ಹತ್ತಲು, ಬರೀ ಭಾರ ಎತ್ತೋದಕ್ಕೇ 380 ವ್ಯಾಟ್ ಬೇಕು. ವೇಗ ಇಳಿದಷ್ಟೂ ಮೋಟಾರ್ ಬಿಸಿಯಾಗುತ್ತೆ, ಕಡೆಗೆ ಮೋಟಾರಿಗೆ ಕರೆಂಟ್ ಬಿಡೋ ಕಂಟ್ರೋಲರ್ ಅದನ್ನು ತಗ್ಗಿಸಿ, ಗಾಡಿ ನಿಂತುಬಿಡುತ್ತೆ. ಚಿತ್ರದುರ್ಗದ ಬಯಲಲ್ಲಿ ಓಡೋ ಗಾಡಿ ಇಲ್ಲಿ ಹತ್ತಲ್ಲ ಸ್ವಾಮಿ. ಎಲೆಕ್ಟ್ರಿಕ್ಕೇ ಬೇಕಂದ್ರೆ ರಿಜಿಸ್ಟ್ರೇಷನ್ ಇರೋ ದೊಡ್ಡ ಮೋಟಾರಿನದ್ದು, ಲೈಸೆನ್ಸೂ ಹೆಲ್ಮೆಟ್ಟೂ ಸಮೇತ. ಮಳೆಗಾಲದಲ್ಲಿ ಕರೆಂಟ್ ಹೋಗೋದು ಇಲ್ಲಿ ಮಾಮೂಲು, ಬ್ಯಾಟರಿ ಕಳಚಿ ರೂಮಿಗೆ ಒಯ್ಯೋ ಹಾಗಿದ್ದರೆ ಒಳ್ಳೇದು. ಆದರೆ ಹಾಸ್ಟೆಲ್ ರೂಮಲ್ಲಿ ಚಾರ್ಜ್ ಮಾಡಲು ಬಿಡ್ತಾರಾ, ವಾರ್ಡನ್‌ರನ್ನು ಕೇಳಿಯೇ ದುಡ್ಡು ಕೊಡಿ.

ಬಯಲುಸೀಮೆಯವ
ಹಾಗಾದರೆ ಪೆಟ್ರೋಲ್ ಸ್ಕೂಟರ್? ಲೈಸೆನ್ಸ್ ಇದೆ.

ಏರುತಗ್ಗು
ಹತ್ತೋಕೆ ಏನೂ ತೊಂದರೆ ಇಲ್ಲ. ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟು ವೇಗ ತಗ್ಗಿತೋ, ಕ್ಲಚ್ ತಾನೇ ಬಿಟ್ಟುಕೊಳ್ಳುತ್ತೆ. ಎಂಜಿನ್ ತಡೆಯಲ್ಲ, ಎಲ್ಲಾ ಭಾರ ಬ್ರೇಕಿನ ಮೇಲೆ. ಎರಡೂ ಬ್ರೇಕ್ ಒಟ್ಟಿಗೆ, ತಿರುವಿಗೆ ಮೊದಲೇ ಹಿಡಿಯಿರಿ, ತಿರುವಿನ ಒಳಗೆ ಬೇಡ. ರಸ್ತೆ ಅಂಚಿನ ಪಾಚಿ, ನೆನೆದ ಸಿಲ್ವರ್ ಓಕ್ ಎಲೆ ಎರಡರ ಮೇಲೂ ಟೈರಿಗೆ ಹಿಡಿತ ಇರಲ್ಲ. ನಿಲ್ಲಿಸುವಾಗ ಸೈಡ್ ಸ್ಟ್ಯಾಂಡ್ ಕೆಳಗೆ ಚಪ್ಪಟೆ ಕಲ್ಲಿಡಿ, ಕಕ್ಕಡದಲ್ಲಿ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಮಣ್ಣು ಕುಸಿದು ಗಾಡಿ ಮಲಗುತ್ತೆ.

ಗಮ್‌ಬೂಟ್
ಜೂನ್‌ನಿಂದ ಸೆಪ್ಟೆಂಬರ್ ನಡೆದೇ ಹೋಗಿ, ಅಕ್ಟೋಬರ್‌ಗೆ ಗೇರ್ ಸೈಕಲ್ ತಗೊಳ್ಳಿ. ಹತ್ತೋಕೆ 20-25 ನಿಮಿಷ, ಇಳಿಯೋಕೆ ಕಾಲು ಗಂಟೆ. ಊಟಕ್ಕೆ ಒಂದೇ ಗಂಟೆ ಬಿಡುವಾದರೆ ಡಬ್ಬಿ ಕಟ್ಟಿಸಿಕೊಳ್ಳಿ. ಗಾಳಿ ಬಂದರೆ ಕೊಡೆ ಉಲ್ಟಾ ಆಗುತ್ತೆ, ಬ್ಯಾಗ್ ಮೇಲೂ ಮುಚ್ಚೋ ಉದ್ದದ ರೈನ್‌ಕೋಟ್ ಬೇಕು. ಕ್ಯಾನ್ವಾಸ್ ಶೂ ಬೇಡ, ಒಣಗಲ್ಲ. ಹತ್ತಿರ ಅಂತ ಕಲ್ಲುಮೆಟ್ಟಿಲು ಹಿಡಿಯಬೇಡಿ, ಪಾಚಿ ಜಾರಿಸುತ್ತೆ. ಹುಲ್ಲಂಚು ಬಿಟ್ಟು ಡಾಂಬರಿನ ಮೇಲೇ ನಡೆದರೆ ಜಿಗಣೆ ಕಡಿಮೆ. ಕಚ್ಚಿಕೊಂಡರೆ ಅದರ ಬಾಯಿ ಅಂಟಿರೋ ಕಡೆ ಉಗುರಿನಿಂದ ಮೆಲ್ಲಗೆ ಜಾರಿಸಿ ತೆಗೀರಿ, ಕಿತ್ತರೆ ಗಾಯ ಆಗುತ್ತೆ. ಒಣ ಸಾಕ್ಸ್ ಒಂದು ಜೊತೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬ್ಯಾಗಿಗೆ ಹಾಕಿಕೊಳ್ಳಿ.